ಚಾರ್ಮಾಡಿಯಲ್ಲಿ ಗುರಿಗೆ ಅರಳಿದಾಗ

ಅಕ್ಕನನ್ನು ಘಟ್ಟದ ಮೇಲೆ ಮದುವೆ ಮಾಡಿ ಕೊಟ್ಟಿದ್ದರೂ ಅಮ್ಮ ಅದುವರೆಗೆ ಘಾಟಿ ಹತ್ತಿದವಳಲ್ಲ. ಬಸ್ಸಿನಲ್ಲಿ ವಾಂತಿಯಾಗುತ್ತದೆಂಬ ಹೆದರಿಕೆ. ಅಕ್ಕನಿಗೆ ಎರಡನೆಯ ಮಗು ಹುಟ್ಟಿದಾಗ ಮಾತ್ರ ತಡೆಯಲಾಗಲಿಲ್ಲ. ಎಪ್ಪತ್ತರ ದಶಕದ ಕೊನೆಗೆ, ಮಳೆ ಹಿಂದೆಗೆಯುವ ಹೊತ್ತಿನಲ್ಲಿ, ನನ್ನ ಜೊತೆ ವೇಣೂರಿನಿಂದ ಹೊರಟಳು. ನಾನಾಗ ಗುರುವಾಯನಕೆರೆಯಲ್ಲಿ ಹೊಸದಾಗಿ ಟೀಚರ್ ಆಗಿದ್ದೆ.

ಚಾರ್ಮಾಡಿಯ ತಿರುವುಗಳಲ್ಲೆಲ್ಲ ಅಮ್ಮ ಕಣ್ಣು ಮುಚ್ಚಿಯೇ ಕುಳಿತಿದ್ದಳು. ಮೇಲೆ ತಲುಪುವಷ್ಟರಲ್ಲಿ ಇಂಜಿನ್ ಕಾದು ಬಸ್ಸು ನಿಂತಿತು.

"ತಣಿಯಲಿಕ್ಕೆ ಸ್ವಲ್ಪ ಹೊತ್ತು ಉಂಟು, ಬೇಕಾದವರು ಇಳಿಯಿರಿ" ಎಂದ ಕಂಡಕ್ಟರ್.

ಇಳಿದೆವು. ಮಂಜು ಸರಿಯಿತು. ಎದುರಿನ ಗುಡ್ಡೆ ಬುಡದಿಂದ ನೆತ್ತಿಯವರೆಗೆ ನೀಲಿಯಾಗಿತ್ತು! ಸೊಂಟದೆತ್ತರದ ಪೊದೆಗಳು, ಎಲೆ ಕಾಣದಷ್ಟು ಹೂವು. ಜೇನುನೊಣಗಳ ಸದ್ದು ಕೇಳಿ ಇನ್ನೊಂದು ಬಸ್ಸು ಬರುತ್ತಿದೆ ಎಂದುಕೊಂಡೆ.

ಯಾರ ಬೇಲಿಯ ದಾಸವಾಳವನ್ನೂ ಬಿಡದ ಅಮ್ಮ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ನಿಂತಿದ್ದಳು.

"ಒಂದು ಕೊಯ್ಯಲಾ ಅಮ್ಮ?"

"ಬೇಡ ಮಾರಾಯ್ತಿ. ಮುಟ್ಟಲಿಕ್ಕೇ ಹೆದರಿಕೆ ಆಗ್ತದೆ."

ಹಿಂದಿನ ಸೀಟಿನಲ್ಲಿದ್ದ ಘಟ್ಟದ ಅಜ್ಜಿಯೊಬ್ಬರು ಹತ್ತಿರ ಬಂದರು. "ಇದು ಗುರಿಗೆ. ಎಷ್ಟೋ ವರ್ಷಕ್ಕೊಂದು ಸಲ ಹೂ ಬಿಡೋದು. ಹಿಂದಿನ ಸಲ ನಮ್ಮ ಯಜಮಾನರು ಇದ್ರು. ಇನ್ನು ಬೀಜ ಕಟ್ಟಿದ ಮೇಲೆ ಗಿಡ ಸಾಯುತ್ತೆ."

"ಎಲ್ಲವೂ?" ಅಮ್ಮ ಕೇಳಿದಳು.

"ಇಡೀ ಗುಡ್ಡ."

ಹಾರ್ನ್ ಹೊಡೆದರೂ ಅಮ್ಮ ಕದಲಲಿಲ್ಲ. ನಾನೇ ಕೈ ಹಿಡಿದು "ಹೋಗುವ" ಎಂದು ಹತ್ತಿಸಿದೆ. ಅಕ್ಕನ ಮನೆಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅವಳು ಮೊದಲು ಹೇಳಿದ್ದೇ ಗುಡ್ಡೆಯ ಸುದ್ದಿ. ಬೀಗಿತ್ತಿ ಬಾಯಿ ಬಿಟ್ಟುಕೊಂಡು ಕೇಳಿದರು.

ಮರುವರ್ಷ ಹೋಗುವಾಗ ಆ ಗುಡ್ಡೆ ತುಂಬ ಬರೀ ಒಣ ಕಡ್ಡಿ. ಅಮ್ಮ ಡ್ರೈವರನಿಗೆ ಹೇಳಿ ಬಸ್ಸು ನಿಲ್ಲಿಸಿದಳು. ಇಳಿದು, ಬಗ್ಗಿ ಕಡ್ಡಿಗಳನ್ನು ಸರಿಸಿದಳು. ನೆಲದಲ್ಲಿ ಬೆರಳುದ್ದದ ಸಸಿಗಳು, ಕಾಲಿಡಲು ಜಾಗವಿಲ್ಲದಷ್ಟು.

"ಉಂಟು, ಉಂಟು!" ಎಂದು ಬಸ್ಸಿನವರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಆಮೇಲೆ ರಸ್ತೆ ಅಗಲ ಮಾಡುವಾಗ ಗುಡ್ಡೆಯ ಬುಡ ಕಡಿದರು. ಒಂದು ಬೇಸಿಗೆಯಲ್ಲಿ ಹುಲ್ಲಿಗೆ ಬೆಂಕಿಯೂ ಬಿತ್ತು. ಎಂಬತ್ತರ ದಶಕದ ಕೊನೆಗೆ ಮತ್ತೆ ಹೂ ಬಿಟ್ಟಿದೆ ಎಂದು ಅಕ್ಕ ಹೇಳಿ ಕಳಿಸಿದಳು. ಹೋಗಿ ನೋಡಿದರೆ ಕೆಳಗೆಲ್ಲ ಕೆಂಪು ಮಣ್ಣು, ನೆತ್ತಿಯಲ್ಲಿ ಮಾತ್ರ ನೀಲಿ. ಮೊಣಕಾಲು ನೋವಿನ ಅಮ್ಮ ಅಲ್ಲಿಯವರೆಗೂ ಹತ್ತಿದಳು. ಹೂಗಳ ನಡುವೆ ಕುಳಿತು, ಜೇನುನೊಣಗಳು ಸುತ್ತ ಹಾರುತ್ತಿದ್ದರೂ ಅಲುಗಾಡದೆ, ಬಹಳ ಹೊತ್ತು ನೋಡಿದಳು.