ವಾರಿಜಾ ಹೆಸರಿನ ಲಾಗಿನ್

ಜಯನಗರದ ಆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷದಿಂದ ದುಡಿಯುತ್ತಿರುವ ವಾರಿಜಾಗೆ ಮೂಗಿನ ತುದಿಯಲ್ಲೇ ಕೋಪ. ಯಾಕಿರಬಾರದು? ಮೆಷಿನ್ ಹೇಳಿದ್ದೇ ವೇದವಾಕ್ಯ ಎನ್ನುವವರ ನಡುವೆ, ಅನುಮಾನ ಬಂದರೆ ಎರಡನೇ ಸಲ ಪರೀಕ್ಷಿಸುವವಳು ಅವಳೊಬ್ಬಳೇ. ರಿಪೋರ್ಟಿನ ಕೆಳಗೆ ಅವಳ ಹೆಸರಿದ್ದರೆ ಸುತ್ತಲಿನ ಡಾಕ್ಟರುಗಳು ಮರುಮಾತಾಡುತ್ತಿರಲಿಲ್ಲ. ಅವಳು ಸಂಪಾದಿಸಿದ್ದು ಅದೊಂದೇ.

ಆ ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಅವಳನ್ನೇ ಒಳಗೆ ಬಿಡಲಿಲ್ಲ. ಪಾಸ್‌ವರ್ಡ್ ಒತ್ತಿದಷ್ಟು ಸಲವೂ 'ಅಕೌಂಟ್ ಲಾಕ್ ಆಗಿದೆ' ಎಂಬ ಒಂದೇ ರಾಗ. ಹೊರಗೆ ಖಾಲಿ ಹೊಟ್ಟೆಯಲ್ಲಿ ಬಂದವರು ಸಾಲಾಗಿ ಕೂತು ಗೊಣಗುತ್ತಿದ್ದರು.

"ನಾನೇ ಟ್ರೈ ಮಾಡ್ದೆ. ಪಾಸ್‌ವರ್ಡ್ ಚೀಟಿ ಎಲ್ಲೋ ಹೋಯ್ತು, ನೆನಪಿಂದ ಐದು ಸಲ ಹೊಡೆದ್ರೂ ತಗೊಳ್ಲಿಲ್ಲ," ಎಂದರು ಮಾಲೀಕ ಬದರಿನಾಥ, ಕಾಫಿ ಹೀರುತ್ತಾ.

"ನನ್ನ ಲಾಗಿನ್ನಲ್ಲಿ ನಿಮಗೇನು ಕೆಲ್ಸ ಸಾರ್?"

ಅವರು ಕಾಫಿ ಲೋಟ ಹಿಡಿದುಕೊಂಡು ತಮ್ಮ ಕೋಣೆಗೆ ಹೋದರು. ಕಂಪ್ಯೂಟರ್ ರಿಪೇರಿಯ ಮಹೇಶ್ ಮುಕ್ಕಾಲು ಗಂಟೆ ಕಾಯಿಸಿ ಬಂದ. ಎರಡೇ ನಿಮಿಷದಲ್ಲಿ ಲಾಕ್ ತೆಗೆದ.

"ಹೊಸ ಪಾಸ್‌ವರ್ಡ್ ಹಾಕ್ಕೊಳ್ಳಿ ಮೇಡಂ. ಶನಿವಾರ ಸರಿಯಾಗೇ ಇತ್ತು ನೋಡಿ, ಹನ್ನೊಂದು ರಿಪೋರ್ಟ್ ಪಾಸ್ ಮಾಡಿದ್ದೀರ."

ವಾರಿಜಾಗೆ ಮೈಯೆಲ್ಲ ಉರಿದುಹೋಯಿತು. ಶನಿವಾರ ಅವಳು ಹುಳಿಮಾವಿನಲ್ಲಿ ತಂಗಿಯ ಗೃಹಪ್ರವೇಶಕ್ಕೆ ಕೋಸಂಬರಿ ಬಡಿಸುತ್ತಿದ್ದಳು. ಹಳೆಯ ರಿಪೋರ್ಟುಗಳ ಪ್ರಿಂಟ್ ತೆಗೆಯೋಕೆ ಬೇಕು ಎಂದು ಬದರಿನಾಥ ಕೇಳಿದಾಗ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದುಕೊಟ್ಟವಳೂ ಅವಳೇ. ಕುರಿ ಕಾಯಲು ತೋಳವನ್ನು ಬಿಟ್ಟಿದ್ದು ತಾನೇ ಎಂಬ ಸಿಟ್ಟು ಬೇರೆ. ನೇರವಾಗಿ ಅವರ ಕೋಣೆಗೆ ನುಗ್ಗಿದಳು.

"ಶನಿವಾರದ ರಿಪೋರ್ಟ್ ಯಾರು ನೋಡಿದ್ದು ಸಾರ್?"

"ಮೆಷಿನ್ ಕೊಟ್ಟಿದ್ದನ್ನೇ ಕಳ್ಸಿದ್ದು. ಜನ ಕಾಯ್ತಾ ಇದ್ರು. ಅದಕ್ಕೇನೀಗ? ನಿಮ್ಮ ಹೆಸರಿದ್ರೆ ಯಾರೂ ಏನೂ ಕೇಳಲ್ಲ. ಹೊಸ ಪಾಸ್‌ವರ್ಡ್ ಹೇಳಿ, ಬರ್ಕೊಳ್ತೀನಿ."

ಹತ್ತೊಂಬತ್ತು ವರ್ಷ ಕಣ್ಣು ಸವೆಸಿ ಸಂಪಾದಿಸಿದ ಹೆಸರನ್ನು ಈ ಮನುಷ್ಯ ರಬ್ಬರ್ ಸ್ಟ್ಯಾಂಪ್ ಮಾಡಿಕೊಂಡಿದ್ದ. ವಾರಿಜಾ ಪಾಸ್‌ವರ್ಡ್ ಹೇಳಲಿಲ್ಲ. ಹೊರಗೆ ಬಂದು ಶನಿವಾರದ ಪಟ್ಟಿ ತೆಗೆದು, ಕೌಂಟರಿನ ಫೋನ್ ಎತ್ತಿ ಮೊದಲ ನಂಬರ್ ಒತ್ತಿದಳು.

"ನಮಸ್ಕಾರ, ಲ್ಯಾಬಿಂದ ವಾರಿಜಾ ಮಾತಾಡ್ತಿರೋದು. ನಿಮ್ಮ ರಿಪೋರ್ಟಲ್ಲಿ ನನ್ನ ಹೆಸರಿದೆ, ಆದ್ರೆ ಅದನ್ನ ನಾನು ನೋಡೇ ಇಲ್ಲ. ಅದನ್ನ ನಂಬಿ ಮಾತ್ರೆ ಬದಲಾಯಿಸ್ಬೇಡಿ. ಇನ್ನೊಂದ್ಸಲ ಬನ್ನಿ, ನಾನೇ ಪರೀಕ್ಷೆ ಮಾಡ್ತೀನಿ."

"ಲ್ಯಾಬಿನ ಮಾನ ತೆಗೀತೀರೇನ್ರೀ!" ಬದರಿನಾಥ ಓಡಿ ಬಂದು ಕೂಗಾಡಿದರು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ವಾರಿಜಾ ಎರಡನೆಯ ನಂಬರ್ ಒತ್ತಿದಳು. ಇನ್ನೂ ಹತ್ತು ಜನರಿಗೆ ಹೇಳಬೇಕಿತ್ತು.