ತಂದೆಯ ಹೆಸರಿನ ಕಾಲಂ

ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಮೋಹನದಾಸರು ಬ್ಲೇಡಿನಿಂದ ಎರಡು ಪೆನ್ಸಿಲ್ ಹೆರೆದು, ಪುಡಿಯನ್ನು ಹಳೆಯ ಪೇಪರಿನಲ್ಲಿ ಮಡಚಿ ಬುಟ್ಟಿಗೆ ಹಾಕಿದರು. ಅವರು ಯಾವ ಅರ್ಜಿಯನ್ನೂ ಮೊದಲು ಪೆನ್ನಿನಲ್ಲಿ ತುಂಬುವವರಲ್ಲ. ಪೆನ್ಸಿಲಿನಲ್ಲಿ ಬರೆದು, ಬಂದವರಿಂದ ಓದಿಸಿ, ಆಮೇಲೆ ಶಾಯಿ. ಸೈನ್ಯದ ದಾಖಲಾತಿ ಕಚೇರಿಯಲ್ಲಿ ಇಪ್ಪತ್ತನಾಲ್ಕು ವರ್ಷ ಗುಮಾಸ್ತರಾಗಿದ್ದ ಅಭ್ಯಾಸ ಅದು. ಕೋಪರಖೈರಣೆಯ ನೆಲಮಹಡಿಯ ಮನೆಯ ಗ್ಯಾಲರಿಯಲ್ಲಿ ಒಂದು ಮೇಜು, ಎರಡು ಪ್ಲಾಸ್ಟಿಕ್ ಕುರ್ಚಿ. ಪನ್ವೇಲಿನಿಂದ ಡೊಂಬಿವಲಿಯ ತನಕ ಇರುವ, ಕರಾವಳಿಯ ಊರಕಡೆಯ ಮಾಜಿ ಸೈನಿಕರು ಪಿಂಚಣಿಗೆ, ಹೆಂಡತಿಯ ಹೆಸರು ಸೇರಿಸಲಿಕ್ಕೆ, ಜನ್ಮದಿನಾಂಕ ಸರಿಮಾಡಲಿಕ್ಕೆ ಮಂಗಳವಾರ ಇಲ್ಲಿಗೇ ಬರುತ್ತಾರೆ. ಮೋಹನದಾಸರು ಒಂದು ಪೈಸೆ ತೆಗೆದುಕೊಳ್ಳುವುದಿಲ್ಲ. ಹಾಗೆಂದು ಒಂದು ಅಕ್ಷರ ಬಿಟ್ಟುಕೊಡುವುದೂ ಇಲ್ಲ.

ಅಂದು ಮೊದಲು ಬಂದದ್ದು ಅಂಚೆಯವನು. ಕಂದು ಲಕೋಟೆ, ದಾಖಲಾತಿ ಕಚೇರಿಯ ಮೊಹರು. ವಿಠಲ ಸಾಲ್ಯಾನರ ಕಡತದ ನಕಲು.

ವಿಠಲರಿಗೆ ಈಗ ಎಪ್ಪತ್ತೈದು. ಎಪ್ಪತ್ತೊಂದರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿದ್ದವರು. ಎಡಗಾಲಿನ ಮೀನಖಂಡಕ್ಕೆ ಶೆಲ್ಲಿನ ಚೂರು ಹೊಕ್ಕಿತ್ತು. ಹದಿನೈದು ವರ್ಷ ಸೇವೆ ಮುಗಿಸಿ ಕಳಂಬೋಲಿಯ ಕಬ್ಬಿಣದ ಮಾರುಕಟ್ಟೆಯಲ್ಲಿ ಕಾವಲಿಗೆ ಸೇರಿದರು. ಇಪ್ಪತ್ತೆರಡು ವರ್ಷ ಅದೇ ಗೇಟಿನಲ್ಲಿ ನಿಂತರು. ಅಲ್ಲಿನವರು ಅವರ ಕುಂಟು ಕಾಲನ್ನು ಕಬ್ಬಿಣದ ಸರಳು ಬಿದ್ದ ಕಾಲೆಂದೇ ತಿಳಿದಿದ್ದರು. ಅಲ್ಲವೆಂದು ಹೇಳಿದರೆ ನಗುತ್ತಿದ್ದರು. ಸೈನ್ಯ ಬಿಡುವಾಗ ಕೊಟ್ಟ ಬಿಡುಗಡೆ ಪುಸ್ತಕದ ಪದಕಗಳ ಪುಟದಲ್ಲಿ ಸಂಗ್ರಾಮ್ ಪದಕ ಮಾತ್ರ ಇತ್ತು. ಗಡಿಯಲ್ಲಿ ಹೋರಾಡಿದವರಿಗೆ ಕೊಟ್ಟ ಪಶ್ಚಿಮಿ ಸ್ಟಾರ್ ಇಲ್ಲ, ಗಾಯಗೊಂಡವರ ಪದಕವೂ ಇಲ್ಲ.

ಎರಡು ವರ್ಷದ ಹಿಂದೆ ಗಣರಾಜ್ಯೋತ್ಸವಕ್ಕೆ ವಾಶಿಯ ಹಾಲಿನಲ್ಲಿ ಕನ್ನಡ ಸಂಘದವರು ಮಾಜಿ ಸೈನಿಕರನ್ನು ಸನ್ಮಾನಿಸಿದರು. ಬಾಗಿಲಲ್ಲಿ ಪಟ್ಟಿ ಹಿಡಿದು ಕೂತವರು ಮೋಹನದಾಸರೇ. ವಿಠಲರು ಹೊಸ ಕೋಟಿನ ಮೇಲೆ ಮೂರು ಪದಕ ತೊಟ್ಟು ಬಂದರು. ಎರಡನ್ನು ಅಂಗಡಿಯಲ್ಲಿ ಕೊಂಡಿದ್ದರು. ಮೋಹನದಾಸರು ಪುಸ್ತಕ ತಿರುವಿ ನೋಡಿ, "ವಿಠಲಣ್ಣ, ಇವೆರಡು ಇದರಲ್ಲಿ ಇಲ್ಲ. ತೆಗೆದರೆ ಒಳ್ಳೆದು" ಎಂದರು. ಮೆತ್ತಗೆಯೇ ಹೇಳಿದ್ದರು. ಆದರೆ ಹಿಂದೆ ಸಾಲಿತ್ತು.

"ಸರಳು ಬಿದ್ದ ಕಾಲಿಗೂ ಸರ್ಕಾರ ಪದಕ ಕೊಡ್ತದಾ ಮಾರಾಯ್ರೆ? ಹಾಗಾದ್ರೆ ನನ್ನ ಮಂಡಿಗೂ ಒಂದು ಬರೆದುಕೊಳ್ಳಿ" ಎಂದು ಸಾಲಿನಲ್ಲಿದ್ದ ಒಬ್ಬರು ಅಂದರು. ನಾಲ್ಕು ಜನ ನಕ್ಕರು. ವಿಠಲರು ಎರಡು ಪದಕ ಬಿಚ್ಚಿ ಕಿಸೆಗೆ ಹಾಕಿದರು. ಹೊಸ ಬಟ್ಟೆಯಲ್ಲಿ ಪಿನ್ನಿನ ತೂತುಗಳು ಉಳಿದವು. ಸನ್ಮಾನಕ್ಕೂ ನಿಲ್ಲದೆ, ಊಟವನ್ನೂ ಮಾಡದೆ ಅವರು ಹೊರಟುಹೋದರು.

ವರ್ಷ ಕಳೆದ ಮೇಲೆ ಒಂದು ಮಂಗಳವಾರ ಮೊಮ್ಮಗಳು ಸೋನಾಲಿಯ ಕೈ ಹಿಡಿದು ಗ್ಯಾಲರಿಗೆ ಬಂದರು. "ಪುಸ್ತಕದಲ್ಲಿ ಇಲ್ಲ ಅಂದ್ರಲ್ಲ. ಪುಸ್ತಕದಲ್ಲಿ ಬರುವ ಹಾಗೆ ಮಾಡಿಕೊಡಿ. ನಾನಿರುವಾಗ ಆಗಬೇಕು, ಸತ್ತ ಮೇಲೆ ಅದು ಯಾರಿಗೆ ಬೇಕು?" ಎಂದರು. ಮೋಹನದಾಸರು ಪೆನ್ಸಿಲ್ ಎತ್ತಿಕೊಂಡರು. ಮನಸ್ಸಿನಲ್ಲಿ ಅರ್ಧ ಸಂಶಯವಿತ್ತು. ದಾಖಲೆ ಸುಳ್ಳು ಹೇಳುವುದಿಲ್ಲ ಎಂಬುದು ಅವರ ನಂಬಿಕೆ.

ಈಗ ಲಕೋಟೆಯಿಂದ ಹನ್ನೊಂದು ಹಾಳೆ ಹೊರಬಂದವು. ಸೇರ್ಪಡೆಯ ನಮೂನೆ: ವಿಠಲ, ತಂದೆಯ ಹೆಸರು ಚನಿಯ. ಯುದ್ಧದ ಆಸ್ಪತ್ರೆಯ ಚೀಟಿ: ಅದೇ ನಂಬರು, ಅದೇ ವಿಠಲ, ಎಡಗಾಲು, ತಂದೆಯ ಹೆಸರು ದೂಮಪ್ಪ. ಆ ಚೀಟಿಯ ಆಧಾರದ ಮೇಲೆ ಎರಡು ಪದಕಗಳಿಗೆ ಹೋದ ಪಟ್ಟಿ, ಎಪ್ಪತ್ತನಾಲ್ಕನೇ ಇಸವಿ. ಪಟ್ಟಿಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು: ತಂದೆಯ ಹೆಸರು ತಾಳೆಯಾಗುವುದಿಲ್ಲ, ತುಕಡಿಗೆ ಹಿಂತಿರುಗಿಸಿದೆ. ಕೆಳಗೆ ತಾರೀಖು, ಚಿಕ್ಕ ಸಹಿ.

ತಾರೀಖಿನ ಏಳಕ್ಕೆ ಸೊಂಟದಲ್ಲಿ ಒಂದು ಅಡ್ಡಗೆರೆ ಇತ್ತು. ಆ ಕಚೇರಿಯಲ್ಲಿ ಏಳನ್ನು ಹಾಗೆ ಬರೆಯುತ್ತಿದ್ದವನು ಒಬ್ಬನೇ. ಕಾಪುವಿನ ಶಾಲೆಯಲ್ಲಿ ಡ್ರಾಯಿಂಗ್ ಮಾಸ್ತರು ಕಲಿಸಿದ ಏಳು ಅದು. ಮೋಹನದಾಸರು ಮೇಜಿನ ಮೇಲಿದ್ದ, ತಾವೇ ತುಂಬಿದ ಈ ವಾರದ ಅರ್ಜಿಯನ್ನು ಪಕ್ಕಕ್ಕೆ ಎಳೆದುಕೊಂಡು ನೋಡಿದರು. ಅದೇ ಏಳು.

"ಚಾ ತಣ್ಣಗಾಯ್ತು" ಎಂದು ಹೆಂಡತಿ ಜಯಲತಾ ಒಳಗಿನಿಂದ ಕೂಗಿದರು. "ನಿಮ್ಮ ಆಫೀಸಿಗೆ ಒಂದು ಫ್ಲಾಸ್ಕ್ ಸ್ಯಾಂಕ್ಷನ್ ಮಾಡಿಸಿ. ಅದಕ್ಕೂ ಮೂರು ಕಾಪಿ ಬೇಕಾ?"

ಆಕೆ ಬಂದು ನೋಡಿದಾಗ ಗಂಡ ಕನ್ನಡಕ ಕೈಯಲ್ಲಿ ಹಿಡಿದು ಕೂತಿದ್ದರು.

ಆ ದಿನ ಅವರಿಗೆ ನೆನಪಿತ್ತು. ಅದೇ ಅವರ ಕಷ್ಟ. ಆ ಪಟ್ಟಿಯ ಹುಡುಗನೇ ಈ ವಿಠಲಣ್ಣ ಎಂಬುದು ಮಾತ್ರ ಇಂದಿನ ತನಕ ಹೊಳೆದಿರಲಿಲ್ಲ. ಇಪ್ಪತ್ತೆರಡು ವರ್ಷದ ಹೊಸ ಗುಮಾಸ್ತ; ನಂಬರು, ಹೆಸರು, ತಂದೆಯ ಹೆಸರು, ಮೂರೂ ತಾಳೆಯಾದರೆ ಮಾತ್ರ ಹಸಿರು ಗೆರೆ ಹಾಕಬೇಕಿತ್ತು. ಚನಿಯ, ದೂಮಪ್ಪ ಎಂಬ ಎರಡು ಹೆಸರು ಕಂಡಾಗಲೇ ಅವರಿಗೆ ಗೊತ್ತಾಗಿತ್ತು, ಒಬ್ಬ ಸೋದರಮಾವ, ಒಬ್ಬ ಅಪ್ಪ. ತಾಯಿಯ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆಯ ಹುಡುಗ. ಮನೆಯ ಯಜಮಾನ ಮಾವ. ಶಾಲೆಗೆ ಸೇರಿಸುವವನೂ ಮಾವ, ಸೈನ್ಯದ ಭರ್ತಿಗೆ ಕರೆದುಕೊಂಡು ಹೋಗಿ ಹೆಬ್ಬೆಟ್ಟು ಒತ್ತುವವನೂ ಮಾವ. ನಿನ್ನ ಮನೆಯ ಹಿರಿಯ ಯಾರು ಎಂದು ಕೇಳಿದರೆ ಹುಡುಗ ಮಾವನ ಹೆಸರನ್ನೇ ಹೇಳುತ್ತಾನೆ. ಕಾಲಿನಿಂದ ರಕ್ತ ಸುರಿಯುವಾಗ ಬಾಪ್ ಕಾ ನಾಮ್ ಎಂದು ಕೇಳಿದರೆ ಹೆತ್ತ ಅಪ್ಪನ ಹೆಸರು ಬರುತ್ತದೆ. ಮೋಹನದಾಸರ ಸ್ವಂತ ಮನೆಯ ರೇಷನ್ ಕಾರ್ಡೂ ಮಾವನ ಹೆಸರಿನಲ್ಲೇ ಇತ್ತು. ಇಡೀ ಕಚೇರಿಯಲ್ಲಿ ಈ ಲೆಕ್ಕ ಬಲ್ಲವರು ಅವರೊಬ್ಬರೇ. ಮೇಲಧಿಕಾರಿಗೆ ಎರಡು ಮಾತಿನಲ್ಲಿ ವಿವರಿಸಬಹುದಿತ್ತು.

ವಿವರಿಸಲಿಲ್ಲ. ಹಿಂದಿನ ವಾರವಷ್ಟೇ ಪಕ್ಕದ ಮೇಜಿನವನು, "ಕ್ಯಾ ಅಣ್ಣಾ, ತುಮ್ಹಾರೇ ಗಾಂವ್‌ವಾಲೋಂ ಕಾ ಕಾಮ್ ಜಲ್ದೀ ಹೋತಾ ಹೈ" ಎಂದು ಊರಿನವರ ಕೆಲಸ ಬೇಗ ಆಗುವುದನ್ನು ಎತ್ತಿ ಚುಚ್ಚಿದ್ದ. ಊರಿನವನಿಗೆ ಮಾಡಿಕೊಟ್ಟ ಎಂಬ ಹೆಸರು ಬೇಡವೆನಿಸಿತು. ಪಟ್ಟಿ ವಾಪಸು ಹೋಯಿತು. ಅಷ್ಟರಲ್ಲಿ ತುಕಡಿ ಬೇರೆಡೆಗೆ ಹೋಗಿತ್ತು, ಪಟ್ಟಿ ಮರಳಿ ಬರಲಿಲ್ಲ, ಅವರೂ ಕೇಳಲಿಲ್ಲ.

ಎರಡು ದಿನ ಬಿಟ್ಟು ಮೋಹನದಾಸರು ಪನ್ವೇಲ್ ಲೋಕಲ್ ಹತ್ತಿ ಖಾಂದೇಶ್ವರದಲ್ಲಿ ಇಳಿದು, ರಿಕ್ಷಾದಲ್ಲಿ ಕಳಂಬೋಲಿಗೆ ಹೋದರು. ಐವತ್ತು ವರ್ಷದಲ್ಲಿ ಅರ್ಜಿದಾರರ ಮನೆಗೆ ತಾವಾಗಿ ಹೋದದ್ದು ಇದೇ ಮೊದಲು.

"ಬನ್ನಿ ಬನ್ನಿ, ಸಾಹೇಬ್ರೇ ಬಂದ್ರಲ್ಲ! ಪುಳ್ಳಿ, ಚಾ ಇಡು" ಎಂದು ಮೊಮ್ಮಗಳಿಗೆ ಹೇಳುತ್ತ ವಿಠಲರು ಎದ್ದರು. "ಆಯ್ತಾ? ಬಂತಾ?"

"ಬಂತು. ಚೀಟಿ ಉಂಟು. ಗಾಯ ಉಂಟು. ನಿಮ್ಮದು ಎಲ್ಲಾ ಸರಿಯೇ ಉಂಟು."

"ನಾನು ಹೇಳಿದ್ದೆ ಅಲ್ವಾ? ಹೇಳಿದ್ದೆ ಅಲ್ವಾ ಸೋನಾಲಿ?"

"ಹಾಂ ಅಜ್ಜಾ, ರೋಜ್ ಬೋಲ್ತೇ ಹೋ" ಎಂದಳು ಸೋನಾಲಿ, ದಿನವೂ ಅದನ್ನೇ ಕೇಳಿದವಳಂತೆ.

ಮೋಹನದಾಸರು ಹಾಳೆಯನ್ನು ಮೇಜಿನ ಮೇಲಿಟ್ಟು ಅಂಚಿನ ಸಾಲಿನ ಮೇಲೆ ಬೆರಳಿಟ್ಟರು. "ಇದರಿಂದ ನಿಂತುಹೋಗಿತ್ತು. ಇದನ್ನು ಬರೆದವನು ನಾನು."

ವಿಠಲರಿಗೆ ಮೊದಲು ಅರ್ಥವಾಗಲಿಲ್ಲ. ಸೋನಾಲಿ ಓದಿ ಹೇಳಿದಳು. ಅವರು ಹಾಳೆಯನ್ನೂ ಎದುರಿಗಿದ್ದವರನ್ನೂ ನೋಡಿದರು. ಒಳಗೆ ಚಾ ಉಕ್ಕಿ ಒಲೆಯ ಮೇಲೆ ಚೆಲ್ಲಿದ ವಾಸನೆ ಬಂತು.

"ನಿಮ್ಮದು ಕಾಪು ಅಲ್ವಾ?" ಎಂದರು ಕೊನೆಗೆ.

"ಹೌದು."

"ಚನಿಯ ಮಾವ ಅಂತ ನಿಮಗೆ ಗೊತ್ತಾಗಲಿಲ್ವಾ?"

"ಗೊತ್ತಾಗಿತ್ತು."

"ಮತ್ತೆಂತದು?"

"ಊರಿನವನಿಗೆ ಮಾಡಿಕೊಟ್ಟ ಅಂತ ಹೇಳ್ತಾರೆ ಅಂತ ಹೆದರಿದೆ."

ವಿಠಲರು ಬಲಗೈಯಿಂದ ಎಡಗಾಲನ್ನು ಎತ್ತಿ ಸ್ಟೂಲಿನ ಮೇಲೆ ಇಟ್ಟುಕೊಂಡರು. "ಅದು ಬಿಡಿ. ಆಗ ನೀವು ಹುಡುಗ, ನಾನೂ ಹುಡುಗ. ವಾಶಿಯಲ್ಲಿ ತೆಗೀರಿ ಅಂದ್ರಲ್ಲ, ಅದಕ್ಕೆ ಎಂತ ಹೇಳ್ತೀರಿ? ಅಲ್ಲಿ ಒಂದು ಮಾತು ಕೇಳಬಹುದಿತ್ತು, ವಿಠಲಣ್ಣ, ಪೆಟ್ಟಾದದ್ದು ಎಲ್ಲಿ ಅಂತ. ಒಂದೇ ಮಾತು."

ಮೋಹನದಾಸರು ಚೀಲದಿಂದ ಅರ್ಜಿಯ ಕರಡು ತೆಗೆದರು. ಚನಿಯ ಸೋದರಮಾವ, ದೂಮಪ್ಪ ತಂದೆ, ಎರಡೂ ದಾಖಲೆ ಒಬ್ಬನೇ ಸೈನಿಕನದ್ದು ಎಂಬ ವಿವರಣೆ. ತಪ್ಪು ಟಿಪ್ಪಣಿ ತನ್ನದೆಂಬ ಪ್ರಮಾಣಪತ್ರ. ಎಲ್ಲವೂ ಪೆನ್ಸಿಲಿನಲ್ಲಿತ್ತು. "ಒಮ್ಮೆ ಓದಿ ಹೇಳಿದರೆ ಇವತ್ತೇ ಶಾಯಿಯಲ್ಲಿ ಬರೆಯುತ್ತೇನೆ."

"ಪ್ರಮಾಣ ನಿಮ್ಮದು, ನೀವೇ ಬರೀರಿ" ಎಂದು ವಿಠಲರು ಹಾಳೆಗಳನ್ನು ತಮ್ಮ ಕಡೆ ಎಳೆದುಕೊಂಡರು. "ಅರ್ಜಿ ಇವಳು ಬರೀತಾಳೆ."

"ಅಜ್ಜಾ, ಮುಝೇ ಯೇ ಸಬ್ ಕಹಾಂ ಆತಾ ಹೈ..." ಎಂದು ಸೋನಾಲಿ ತನಗೆ ಬಾರದೆಂದಳು.

"ಕಲಿ. ತಪ್ಪಾದ್ರೆ ನಮ್ಮ ಮನೆಯದ್ದೇ ತಪ್ಪು."

ಚಾ ಬಂತು. ಇಬ್ಬರೂ ಕುಡಿದರು. ಮಾರುಕಟ್ಟೆಯ ಕಡೆಯಿಂದ ಕ್ರೇನ್ ಕಬ್ಬಿಣ ಇಳಿಸುವ ಸದ್ದು ಆಗಾಗ ಕೇಳುತ್ತಿತ್ತು. ಹೊರಡುವಾಗ ಮೋಹನದಾಸರ ಕಣ್ಣಿಗೆ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಕೋಟು ಬಿತ್ತು. ಪ್ಲಾಸ್ಟಿಕ್ ಹೊದಿಕೆಯೊಳಗೆ ಎಡ ಎದೆಯ ಮೇಲಿನ ತೂತುಗಳು ಹಾಗೇ ಇದ್ದವು. ಕ್ಷಮಿಸಿ ಎಂದು ಹೇಳಲು ಬಂದಿದ್ದರು. ಬಾಗಿಲ ತನಕ ಬಂದ ವಿಠಲರು, "ರಿಕ್ಷಾಕ್ಕೆ ಆಚೆ ಬದಿ ನಿಲ್ಲಿ, ಈಚೆಯವರು ಮೀಟರ್ ಹಾಕುವುದಿಲ್ಲ" ಎಂದರು. ಮೋಹನದಾಸರು "ಆಯ್ತು" ಎಂದರು.

ಮನೆಯಲ್ಲಿ ಜಯಲತಾ, "ಬೈದ್ರಾ?" ಎಂದು ಕೇಳಿದರು.

"ಬೈಯಲಿಲ್ಲ."

"ಬೈದಿದ್ರೆ ಒಳ್ಳೆದಿತ್ತು" ಎಂದು ಆಕೆ ಒಳಗೆ ಹೋದರು.

ಮರುದಿನ ವಾಶಿಯ ನೋಟರಿಯ ಎದುರು ಮೋಹನದಾಸರು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ತಾರೀಖು ಬರೆಯುವಾಗ ಏಳಕ್ಕೆ ಅಡ್ಡಗೆರೆ ಎಳೆದರು. ಹಳೆಯ ಟಿಪ್ಪಣಿಯೊಡನೆ ತಾಳೆ ನೋಡುವವರಿಗೆ ಅದು ಬೇಕಾಗುತ್ತದೆ.

ಸೋನಾಲಿ ಬರೆದ ಅರ್ಜಿ ಒಂದು ಸಲ ವಾಪಸು ಬಂತು, ನಕಲೊಂದು ಕಡಿಮೆಯಿತ್ತು. ಎರಡನೆಯ ಸಲ ದಾಖಲಾತಿ ಕಚೇರಿ ಅದನ್ನು ಸ್ವೀಕರಿಸಿದೆ. ಉತ್ತರಕ್ಕೆ ಆರು ತಿಂಗಳು ಬೇಕೆಂದು ತಿಳಿಸಿದೆ. ಬರುವ ಗಣರಾಜ್ಯೋತ್ಸವ ಅದಕ್ಕಿಂತ ಮೊದಲೇ ಇದೆ. ಸಂಘದ ಬಾಗಿಲಲ್ಲಿ ಈ ಸಲ ಪಟ್ಟಿ ಹಿಡಿದು ಕೂರುವುದು ಬ್ಯಾಂಕಿನಿಂದ ನಿವೃತ್ತರಾದ ತಾರಾನಾಥರು. ಆ ಕೆಲಸ ತನಗೆ ಬೇಡವೆಂದು ಮೋಹನದಾಸರು ಶಾಯಿಯಲ್ಲೇ ಬರೆದುಕೊಟ್ಟಿದ್ದಾರೆ.