ನೀರು ಬೇಡದ ಮೋಟಾರು

ಕೈಯಲ್ಲಿ ನೀರಿನ ಕೊಡ ಹಿಡಿದು ಕಾರಿನ ಮುಂಭಾಗಕ್ಕೆ ಬಗ್ಗಿದವನು ಹಾಗೇ ನಿಂತುಬಿಟ್ಟೆ. ಮುಚ್ಚಳದಡಿ ಇಂಜಿನ್ನೇ ಇರಲಿಲ್ಲ! ಒಂದು ಸ್ಟೆಪ್ನಿ, ಮಡಿಸಿಟ್ಟ ಕಂಬಳಿ, ಅಷ್ಟೇ.

"ಸಾಹೇಬ್ರ, ನಿಮ್ಮ ಇಂಜಿನ್ ಯಾರೋ ಬಿಚ್ಚಿಕೊಂಡು ಹೋಗ್ಯಾರ್ರಿ!" ಎಂದು ಕೂಗಿದೆ.

ಐವತ್ತರ ದಶಕದ ಮಾತು. ನಾನಾಗ ರೋಣ–ನರಗುಂದ ಬಸ್ಸಿನ ಡ್ರೈವರ್. ಬಿಸಿಲಿಗೆ ಕಾದು ನಿಂತ ಮೋಟಾರಿಗೆ ನೀರು ಕೊಡದೆ ಮುಂದೆ ಹೋಗುವುದು, ಮಳೆಯೇ ಅಪರೂಪವಾದ ನಮ್ಮ ರೋಣದ ದಾರಿಯಲ್ಲಿ ಪಾಪ. ಸವಡಿಯ ಹತ್ತಿರ ಬೇವಿನ ಮರದಡಿ ನಿಂತಿದ್ದ, ಎದೆಯೆತ್ತರದ ಆ ಜರ್ಮನ್ ಕಾರನ್ನು ಕಂಡು ಬಸ್ಸು ನಿಲ್ಲಿಸಿದ್ದೆ. ಪ್ರಯಾಣಿಕರೆಲ್ಲ ಇಳಿದು, ದನದ ಸಂತೆಯಲ್ಲಿ ಹೋರಿ ನೋಡುವಂತೆ ಅದರ ನುಣುಪಾದ ಬೆನ್ನು ಸವರುತ್ತಿದ್ದರು. ನಾನು ಕೇಳಿದ್ದಕ್ಕೆ ಮುಚ್ಚಳ ತೆರೆದುಕೊಟ್ಟಿದ್ದ ಮಾಲೀಕರು, ಹುಬ್ಬಳ್ಳಿಯ ಡಾಕ್ಟರು, ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹಿಂದಿನ ಮುಚ್ಚಳ ಎತ್ತಿದರು. ಇಂಜಿನ್ ಅಲ್ಲಿ ಕೂತಿತ್ತು!

"ಇದು ಗಾಳಿಗೇ ತಣ್ಣಗಾಗ್ತೈತ್ರಿ, ನೀರು ಬ್ಯಾಡ. ನನಗ ಬೇಕು, ಕೊಡ್ರಿ," ಎಂದು ಬೊಗಸೆಯೊಡ್ಡಿ ಕುಡಿದರು.

ಅಸೂಟಿಯ ಮುದುಕ ರೈತನೊಬ್ಬ ಕಾರಿನ ಬೆನ್ನು ತಟ್ಟಿ ತೀರ್ಪು ಕೊಟ್ಟ: "ನೀರ ಕೇಳಂಗಿಲ್ಲ ಅಂದ್ರ ಇದು ಜರ್ಮನಿದಲ್ಲ ಬಿಡ್ರಿ, ನಮ್ಮ ರೋಣದ ಕಡೀದ!"

ಕೊಡದಲ್ಲಿ ಉಳಿದಿದ್ದನ್ನು ನನ್ನ ಬಸ್ಸು ಒಂದೇ ಗುಟುಕಿಗೆ ಮುಗಿಸಿತು. ಮುಂದೆ ಎಷ್ಟೋ ವರ್ಷ ಅದಕ್ಕೆ ನೀರು ಹೊಯ್ದೆ. ಹೊಯ್ದಾಗಲೆಲ್ಲ, ಯಾರಿಗೂ ಕಾಣದಂತೆ, ಒಮ್ಮೆ ಅದರ ಹಿಂಬದಿಯನ್ನೂ ನೋಡಿ ಬರುತ್ತಿದ್ದೆ.